ಒಂದೇ ಏಟಿಗೆ ಬಂದ ಬಡ್ತಿ

…ಅದು ಬರೀ ಕಾಗದ ಕಣಮ್ಮ. ಕೋರ್ಟು ಕೊಟ್ಟ ಕಾಗದ. ಅದನ್ನ ಹಿಡ್ಕೊಂಡು ಇಷ್ಟು ದೂರ ಬಂದೆಯಲ್ಲ…

ಕೂತ್ಕೋ. ಆ ಕುರ್ಚಿ ಮೇಲೆ. ಒಂದು ಕಾಲು ಅಲ್ಲಾಡುತ್ತೆ, ಬೀಳಲ್ಲ. ನನ್ನ ಹಾಗೇನೇ.

ನಗಲ್ಲ ನೀನು. ಸರಿ. ನಗೋ ಮಾತೂ ಅಲ್ಲ ಬಿಡು.

ಬಾಗಿಲಲ್ಲೇ ಯಾರು ಅಂತ ಹೇಳಿದ್ದಿದ್ರೆ ಒಳಗೆ ಬಿಡ್ತಿರ್ಲಿಲ್ಲ. ನಿಜ ಹೇಳ್ತೀನಿ. ದರ್ಜಿ ಅಂಗಡಿಗೆ ಹೇಳಿ ಕಳ್ಸಿದ್ದೆ, ಅಳತೆ ತಗೊಳ್ಳೋಕೆ ಯಾರನ್ನಾದ್ರೂ ಕಳ್ಸಪ್ಪ ಅಂತ. ನಿನ್ನ ಕುತ್ತಿಗೇಲಿ ಟೇಪು ನೇತಾಡ್ತಿತ್ತು. ನಾನು ಪೆದ್ದನ ಹಾಗೆ ಎರಡೂ ಕೈ ಎತ್ತಿ ನಿಂತ್ಬಿಟ್ಟೆ. ನೀನು ಟೇಪು ಮುಟ್ಲಿಲ್ಲ. ಚೀಲದಿಂದ ಇದನ್ನ ತೆಗ್ದೆ. ‘ನಾನು ಅವನ ತಂಗಿ’ ಅಂದೆ. ಆಮೇಲೆ ಒಂದು ಮಾತಿಲ್ಲ.

ಹೂಂ, ಯೂನಿಫಾರ್ಮ್ ಹೊಲಿಸೋಕೆ. ರಿಟೈರ್ ಆಗಿ ವರ್ಷ ಆಯ್ತು, ಗೊತ್ತು. ಆದ್ರೂ ಹೊಲಿಸ್ತೀನಿ. ಹಳೇ ತಾರೀಖಿಂದ ಬಡ್ತಿ ಸಿಕ್ಕಿದೆಯಲ್ಲ, ಭುಜಕ್ಕೆ ನಕ್ಷತ್ರ ಹಚ್ಚಿ ಒಂದು ಫೋಟೋ. ಅಗೋ, ಅವಳ ಫೋಟೋ ಪಕ್ಕ ಜಾಗ ಬಿಟ್ಟಿದೀನಿ. ನನ್ನ ಹೆಂಡ್ತಿ. ಎಂಟು ತಿಂಗಳಾಯ್ತು ಹೋಗಿ. ಕೋರ್ಟಿಂದ ಆರ್ಡರ್ ಬಂದಿದ್ದು ಹೋದ ತಿಂಗಳು. ಹಲ್ಲಿದ್ದಾಗ ಕಡಲೆ ಇಲ್ಲ ಅಂತಾರಲ್ಲ… ಹಾಗೆ.

ಹದಿನಾರು ವರ್ಷ ಕೇಸು ನಡೆಸಿದೆ ಕಣಮ್ಮ. ಹದಿನಾರು.

ನಿಮ್ಮಣ್ಣ ಹೋಗಿ ನಿಂಗೂ ಹದಿನಾರೇ ವರ್ಷ. ಹೌದು. ಅದೇ ಹದಿನಾರು.

ಈಗ ನೆನಪಾಗ್ತಿದೆ ನೀನು. ಠಾಣೆ ಎದುರು ಕಟ್ಟೆ ಮೇಲೆ ಕೂರ್ತಿದ್ದೆ. ಎರಡು ಜಡೆ. ನಿಮ್ಮಮ್ಮ ಒಳಗೆ ಬಂದು ಕೂಗಾಡೋರು, ನೀನು ಹೊರಗೆ ಸುಮ್ನೆ. ಆಗಲೂ ಸುಮ್ನೆ. ಪೇದೆಗಳೆಲ್ಲ ಹೇಳ್ತಿದ್ವಿ, ಮುದುಕಿ ಕೂಗು ತಡೀಬಹುದು, ಆ ಹುಡುಗಿ ಮುಖ ತಡಿಯೋಕಾಗಲ್ಲ ಅಂತ. ಇದ್ದಾರಾ ಅಮ್ಮ? …ಇಲ್ವಾ. ಹೂಂ.

ಪೆನ್ಸಿಲ್‌ನಲ್ಲಿ ಗೆರೆ ಎಳ್ದಿದೀಯ ಇಲ್ಲಿ. ಓದ್ಲಾ? ನಾನು ಓದೋದು ನಿಧಾನ. ನಾಲ್ಕನೇ ಕ್ಲಾಸು. ‘ಅರ್ಜಿದಾರನೇ… ಗೋದಾಮಿನ ಬಾಗಿಲು ಮುರಿದು… ಮೊದಲು ಒಳನುಗ್ಗಿ… ಕಬ್ಬಿಣದ ಸಲಾಕೆ ಹಿಡಿದು ಮೇಲೆ ಬಿದ್ದ ಗಿರಣಿ ಕಾರ್ಮಿಕನನ್ನು… ಒಂದೇ ಏಟಿಗೆ ನೆಲಕ್ಕೆ ಉರುಳಿಸಿದನೆಂಬುದು ಸಾಬೀತಾಗಿದೆ. ಆದ್ದರಿಂದ ಅಂದಿನ ತಾರೀಖಿನಿಂದಲೇ ಅರ್ಜಿದಾರನಿಗೆ ಬಡ್ತಿ…’

ಅರ್ಜಿದಾರ ಅಂದ್ರೆ ನಾನು. ಉರುಳಿದೋನು ನಿಮ್ಮಣ್ಣ.

ಇದು ಸುಳ್ಳು ಕಣಮ್ಮ. ಅದನ್ನೇ ಹೇಳ್ತಿರೋದು ಆಗ್ಲಿಂದ. ನಾನು ಹೊಡೀಲಿಲ್ಲ. ಬಡ್ತಿಗೋಸ್ಕರ ಅಫಿಡವಿಟ್‌ನಲ್ಲಿ ಬರೆಸಿದ್ದು, ಜಡ್ಜ್ ಅದನ್ನೇ ಇಲ್ಲಿ ಇಳಿಸಿದಾರೆ. ವಕೀಲ ಬರೆದ, ನಾನು ಸೈನ್ ಹಾಕ್ದೆ. ಸೀನಿಯಾರಿಟಿ ಕೇಸಲ್ಲಿ ಎಲ್ಲರೂ ಹಾಗೇ ಬರೆಸೋದು. ಇಲಿ ಹಿಡಿದೋನು ಹುಲಿ ಹಿಡಿದೆ ಅಂತಾನೆ. ಅದನ್ನ ಹಿಡ್ಕೊಂಡು ನೀನು ಕೊಲೆ ಕೇಸು ಮತ್ತೆ ತೆಗೆಸೋಕೆ ಹೊರಟ್ರೆ? ಮೂಲೇಲಿ ‘ಸೋಮವಾರ, ಜಡ್ಜ್’ ಅಂತ ಬರ್ಕೊಂಡಿದೀಯ, ಅವತ್ತು ಅವರ ಮುಂದೆ ಇಡ್ತೀಯಾ? ಈ ಖಾಲಿ ಹಾಳೆ, ಪೆನ್ನು… ನಾನು ಬರ್ದುಕೊಡ್ಬೇಕಾ? ಏನಂತ?

ಕೇಳು. ಮೊದಲಿಂದ ಹೇಳ್ತೀನಿ. ನಿಧಾನಕ್ಕೆ. ನಂಗೆ ಬೇಗ ಬರಲ್ಲ.

ನಾವಿಬ್ರು ಒಂದೇ ದಿನ ಪೊಲೀಸಿಗೆ ಸೇರಿದ್ವಿ. ನಾನು, ಇಸ್ತ್ರಿ. ಇಸ್ತ್ರಿ ಅಂದ್ರೆ ಅವನ ಹೆಸರಲ್ಲ, ನಾವಿಟ್ಟಿದ್ದು. ಬೆಂಕಿ ಬಿದ್ದಿದೆ ಓಡಿ ಅಂದ್ರೂ ಪ್ಯಾಂಟಿನ ಗೆರೆ ನೋಡ್ಕೊಂಡು ಓಡೋನು. ನಂಗೆ ‘ಗೂಟ’ ಅಂತಿದ್ರು. ನಿಲ್ಲಿಸಿದ ಕಡೆ ನಿಲ್ತೀನಿ ಅಂತ. ಪಟ್ಟೀಲಿ ನಂದು ನಲವತ್ತೊಂದು, ಅವಂದು ನಲವತ್ತೆರಡು. ಒಂದು ನಂಬರ್!

ಒಂದು ನಂಬರ್ ಏನು ಮಹಾ ಅಂತ ನೋಡ್ತಿದೀಯ. ನಿಂಗೆ ಗೊತ್ತಾಗಲ್ಲ. ಠಾಣೇಲಿ ಒಂದು ನಂಬರ್ ಅಂದ್ರೆ ಯಾರು ಯಾರಿಗೆ ಸಲ್ಯೂಟ್ ಹೊಡೀಬೇಕು ಅನ್ನೋದು. ಯಾರಿಗೆ ಕ್ವಾರ್ಟರ್ಸು, ಯಾರಿಗೆ ಬಿಸಿಲು ಅನ್ನೋದು. ಇಪ್ಪತ್ತು ವರ್ಷ ನಾನು ಮುಂದೆ, ಅವನು ಹಿಂದೆ. ಪರೇಡಲ್ಲೂ ಹಾಗೇ. ಅವನ ಉಸಿರು ನನ್ನ ಕುತ್ತಿಗೆಗೆ ತಾಗ್ತಿತ್ತು.

ಆಮೇಲೆ ಗಿರಣಿ ಮುಷ್ಕರ. ನಿಮ್ಮಣ್ಣ ಮಗ್ಗ ರಿಪೇರಿ ಮಾಡ್ತಿದ್ದ ಅಲ್ವಾ? ಆ ದಿನ ಮಧ್ಯಾಹ್ನ ಮೂರು ಗಂಟೆ. ಗೇಟ್ ಮುಂದೆ ಇನ್ನೂರು ಜನ. ಕಲ್ಲು ಬಂತು. ಸಾಹೇಬರ ಹಣೆ ಒಡೀತು. ಮುಖ ಕಾಣ್ತಿರ್ಲಿಲ್ಲ, ಬರೀ ರಕ್ತ. ‘ಹೊಡೀರಿ’ ಅಂದ್ರು. ಹೊಡ್ದ್ವಿ. ಏನು ಹೇಳ್ಲಿ… ಬಟ್ಟೆ ಒಗೆಯೋ ಹಾಗೆ ಹೊಡ್ದ್ವಿ. ಒಬ್ಬನ ಮೊಣಕೈ ನನ್ನ ಕೋಲಿಗೆ ಸಿಕ್ಕಿ ಉಲ್ಟಾ ತಿರುಗಿತು. ಒಬ್ಬ ಹೆಂಗಸಿನ ಬೆನ್ನು. ನೋಡ್ಲಿಲ್ಲ ಯಾರು ಅಂತ. ಕೈ ತಾನೇ ಹೋಗುತ್ತೆ ಕಣಮ್ಮ. ನಿಂಗೆ ಹೊಲಿಗೆ ಮಿಷಿನ್ ಕಾಲು ಹ್ಯಾಗೋ, ಹಾಗೆ.

ಕಲ್ಲು ಹೊಡ್ದೋನು ಹತ್ತಿ ಗೋದಾಮಿಗೆ ನುಗ್ಗಿದ ಅಂತ ಯಾರೋ ಕೂಗಿದ್ರು. ನಾನೂ ಇಸ್ತ್ರಿನೂ ಓಡಿದ್ವಿ. ಅವನು ಮುಂದಿನ ಬಾಗಿಲು, ನಾನು ಹಿಂದಿನ ಬಾಗಿಲು. ನಾನು ಹೊರಗೇ ನಿಂತಿದ್ದೆ. ಒಳಗೆ ಏನಾಯ್ತೋ ಅವನಿಗೇ ಗೊತ್ತು. ಹೊರಗೆ ಬಂದಾಗ ನಿಮ್ಮಣ್ಣ… ಆಗಿಹೋಗಿತ್ತು. ಅಷ್ಟೆ ನಂಗೆ ಗೊತ್ತಿರೋದು.

ಏನು?

ಏನೂ ಇಲ್ಲ ಅಂದ್ರೆ ಯಾಕೆ ಹಾಗೆ ನೋಡ್ತೀಯ?

ಠಾಣೆ ಡೈರೀಲಿ ಹೊಡ್ದೋನು ಅಂತ ಇಸ್ತ್ರಿ ಹೆಸರು ಬರೆದ್ರು. ಮೂರು ತಿಂಗಳಿಗೆ ಅವನಿಗೆ ಬಡ್ತಿ. ಪ್ರಾಣ ಲೆಕ್ಕಿಸದೆ ಹೋರಾಡಿದ ಅಂತ ಪಟ್ಟಿ ಮೀರಿ ಬಡ್ತಿ. ನಲವತ್ತೆರಡು ಹಾರಿ ಹೋಯ್ತು, ನಲವತ್ತೊಂದು ಅಲ್ಲೇ ಗೂಟ. ಮಾರನೇ ದಿನ ಪರೇಡು. ಅವನು ಮುಂದೆ ನಿಂತಿದ್ದ, ಹೊಸ ಪಟ್ಟಿ ತೋಳ ಮೇಲೆ. ಸಲ್ಯೂಟ್ ಹೊಡ್ದೆ. ಇಪ್ಪತ್ತು ವರ್ಷ ನನ್ನ ಬೆನ್ನು ನೋಡಿದೋನಿಗೆ.

ಮನೆಗೆ ಬಂದು ಈ ಬಾಗಿಲಿಗೆ ಗುದ್ದಿದೆ. ನೋಡು, ಹಲಗೆ ಬಿಟ್ಟಿದೆ ಇನ್ನೂ. ಅವಳು ಕೈ ಹಿಡಿಯೋಕೆ ಬಂದ್ಲು. ಅವಳಿಗೂ ಬಿತ್ತು. ಒಂದೇ ಸಲ. ಇಲ್ಲ… ಆಮೇಲೂ ಒಂದೆರಡು ಸಲ. ಅವಳು ಅಳ್ತಿರ್ಲಿಲ್ಲ. ನೀರಲ್ಲಿ ಬಟ್ಟೆ ಅದ್ದಿ ಕೆನ್ನೆಗೆ ಇಟ್ಕೊಂಡು ಕೇಳ್ತಿದ್ಲು, ‘ಇಷ್ಟು ಉರೀತಿದ್ರೆ ಕೇಸು ಹಾಕ್ಬಾರ್ದಾ?’ ಅಂತ. ಅವಳೇ ಹೇಳಿದ್ದು. ಅವಳೇ ವಕೀಲನ ಹುಡುಕಿದ್ದು.

ಅವಳು ಹತ್ತನೇ ಕ್ಲಾಸು. ಓದೋಳು. ಪ್ರತಿ ತಾರೀಖಿಗೆ ಮುಂಚೆ ಅಫಿಡವಿಟ್ ಓದಿ ಹೇಳ್ತಿದ್ಲು, ನಾನು ಜಡ್ಜ್ ಮುಂದೆ ತಪ್ಪಬಾರ್ದು ಅಂತ. ಒಲೆ ಮುಂದೆ ನಿಂತು ಓದೋಳು. ‘ಸಲಾಕೆ ಹಿಡಿದು ಮೇಲೆ ಬಿದ್ದ… ಒಂದೇ ಏಟಿಗೆ…’ ನಾನು ಹೂಂ ಅನ್ನೋನು. ಅವಳು ಓದ್ತಾ ಓದ್ತಾ ನಂಗೂ ಹಾಗೇ ಕಾಣೋಕೆ ಶುರುವಾಯ್ತು. ಅವನು ಓಡಿ ಬರ್ತಾನೆ, ಸಲಾಕೆ ಎತ್ತುತ್ತಾನೆ, ನಾನು ಹೊಡೀತೀನಿ. ಸಿನಿಮಾ ತರ. ಎಷ್ಟು ಚೆನ್ನಾಗಿತ್ತು ಗೊತ್ತಾ!

ಈಗ ಓದೋರಿಲ್ಲ. ಎಂಟು ತಿಂಗಳಾಯ್ತು. ಓದೋರಿಲ್ದೆ… ಬೇರೆ ತರ ಕಾಣುತ್ತೆ.

ಬಿಡು.

ಏನು ಬೇರೆ ತರ ಅಂತ ಕೇಳಲ್ಲ ನೀನು. ಕೇಳಿದ್ರೆ ಏನಾದ್ರೂ ಹೇಳ್ಬಹುದಿತ್ತು.

ನೋಡು, ಒಂದು ಕೆಲಸ ಮಾಡೋಣ. ಕೊಡು ಆ ಪೆನ್ನು. ಇಸ್ತ್ರಿ ಹೊಡ್ದ ಅಂತ ಬರ್ದುಕೊಡ್ತೀನಿ. ಹಿಂದಿನ ಬಾಗಿಲ ಸಂದಿಯಿಂದ ನೋಡ್ದೆ ಅಂತ ಬರೀತೀನಿ. ನನ್ನ ಬಡ್ತಿ ಹೋಗುತ್ತೆ. ಹೋಗ್ಲಿ! ನಕ್ಷತ್ರ, ಫೋಟೋ, ಎಲ್ಲ ಹೋಗ್ಲಿ. ನಿಂಗೆ ಒಬ್ಬ ಬೇಕು ತಾನೆ? ತಗೋ ಅವನನ್ನ. ಅವನೇನು ಕೋರ್ಟಲ್ಲಿ ಬಾಯಿ ಬಿಟ್ನಾ? ವಕೀಲನ್ನೂ ಸರಿಯಾಗಿ ಇಡ್ಲಿಲ್ಲ. ಜಡ್ಜ್ ಕೇಳಿದ್ರು, ‘ಹೊಡೆದಿದ್ದು ಯಾರು?’ ಅಂತ. ‘ಅವರು ಹೇಳಿದ್ದೇ ಸರಿ ಸ್ವಾಮಿ’ ಅಂದ. ಅಷ್ಟೆ. ನನ್ನ ಕಡೆ ನೋಡ್ಲೂ ಇಲ್ಲ. ಹೆದರಿದಾನೆ ಅಂತ ನಾವು ಹೊರಗೆ ಬಂದು ನಕ್ಕಿದ್ದೇ ನಕ್ಕಿದ್ದು. ನಾನು ನಕ್ಕೆ. ಅವಳು ನಗ್ಲಿಲ್ಲ.

ಯಾಕೆ ತಲೆ ಅಲ್ಲಾಡಿಸ್ತೀಯ? ಇಸ್ತ್ರಿ ಬೇಡ್ವಾ ನಿಂಗೆ?

ಯಾಕೆ ಬೇಡ?

…ರೈಟರ್ ಹತ್ರ ಹೋಗಿದ್ಯಾ? ಡೈರಿ ಬರೀತಿದ್ನಲ್ಲ, ಆ ಮುದುಕ. ಬದುಕಿದಾನಾ ಇನ್ನೂ? ಏನಂದ? ಏನಂದ ಅವನು, ಹೇಳು! ದುಡಿದು ತಿನ್ನೋ ಹೆಂಗಸು ಅಂತ ಮರ್ಯಾದೆ ಕೊಡ್ತಿದೀನಿ. ಹೀಗೆ ಕಲ್ಲಿನ ಹಾಗೆ ಕೂತ್ರೆ… ಏ! ಎಲ್ಲಿಗೆ? ಕೂತ್ಕೋ. ಕೂತ್ಕೋ ಅಂದೆ!

…

ಬಿಡ್ತೀನಿ. ಬಿಟ್ಟೆ ನೋಡು. ಕೈ ಬಿಟ್ಟೆ. ಕೆಂಪಾಯ್ತಾ? ನೀರು ಬೇಕಾ? …ಬೇಡ.

ನೀನು ಕೂಗೋದೂ ಇಲ್ಲವಲ್ಲ. ಅಕ್ಕಪಕ್ಕದಲ್ಲಿ ಜನ ಇದಾರೆ. ಕೂಗಿದ್ರೆ ಬರ್ತಾರೆ.

ಸರಿ. ರೈಟರ್ ಹೇಳಿರ್ತಾನೆ. ಕುಡುಕ, ಹೊಟ್ಟೇಲಿ ಏನೂ ನಿಲ್ಲಲ್ಲ ಅವನಿಗೆ. ಹೌದು, ಬೇಡ್ಕೊಂಡೆ. ಕಾಲಿಗೆ ಬಿದ್ದೆ. ‘ನನ್ನ ಹೆಸರು ಬರೀಬೇಡಿ ಅಣ್ಣಾ, ಹೆಂಡ್ತಿ ಇದಾಳೆ’ ಅಂತ. ಅವನು ಪೆನ್ನು ಎತ್ತಿ ಹಿಡ್ಕೊಂಡು ಕೂತಿದ್ದ. ಎನ್‌ಕ್ವಯರಿ ಬರುತ್ತೆ, ಸಸ್ಪೆಂಡು, ಜೈಲು… ಅಂದ್ಕೊಂಡಿದ್ದೆ. ಯಾರಿಗೆ ಗೊತ್ತಿತ್ತು ಬಡ್ತಿ ಬರುತ್ತೆ ಅಂತ! ಶಿಕ್ಷೆ ಅಂತ ಬಿಟ್ಟು ಓಡಿದ್ದು, ಹಾರ ಆಗಿ ಅವನ ಕುತ್ತಿಗೆಗೆ ಬಿತ್ತು. ಹೆಸರು ತೆಗೀರಿ ಅಂತ ಒಂದು ದಿನ ಕಾಲು ಹಿಡ್ದೆ. ಅದೇ ಹೆಸರು ಹಾಕಿ ಅಂತ ಹದಿನಾರು ವರ್ಷ ಕೋರ್ಟು ಮೆಟ್ಟಿಲು ಹತ್ತಿದೆ. ನನ್ನಂಥ ಕತ್ತೆ ಇನ್ನೊಂದಿಲ್ಲ ಕಣಮ್ಮ. ನಗು. ಇದಕ್ಕಾದ್ರೂ ನಗು.

ಹಾಂ, ಒಳಗೆ ಹೋಗಿದ್ದೆ. ಹಿಂದಿನ ಬಾಗಿಲು ಗಿಂದಿನ ಬಾಗಿಲು ಇಲ್ಲ. ಇದ್ದಿದ್ದೇ ಒಂದು ಬಾಗಿಲು. ನಾನೇ ಒದ್ದು ಮುರ್ದೆ. ಇಸ್ತ್ರಿ ಹಿಂದೆ ಬಂದ. ಹೊಡ್ದಿದ್ದು ನಾನೇ. ಆಯ್ತಾ? ಬಂತಾ ನನ್ನ ಬಾಯಿಂದ?

ಆದ್ರೆ ಅವನು ಮೇಲೆ ಬಿದ್ದ! ಸಲಾಕೆ ಹಿಡ್ಕೊಂಡು ಮೇಲೆ ಬಿದ್ದ. ಆರ್ಡರಲ್ಲಿ ಇದೆ, ನೀನೇ ಗೆರೆ ಎಳ್ದಿದೀಯ. ನಾನು ಹೊಡೀದೆ ಇದ್ರೆ ನನ್ನ ತಲೆ ಹೋಗ್ತಿತ್ತು. ಅವತ್ತು ಅವಳು ವಿಧವೆ ಆಗ್ತಿದ್ಲು. ಪೊಲೀಸ್ನೋನಿಗೂ ಜೀವ ಇದೆ ಕಣಮ್ಮ!

ನಂಬಲ್ಲ ನೀನು. ತಡಿ. ತೋರಿಸ್ತೀನಿ. ಕೋಲು ಇಲ್ಲೇ ಇದೆ, ಬಾಗಿಲ ಹಿಂದೆ. ಹೆದರ್ಬೇಡ, ನಿನ್ನ ಹತ್ರ ಬರಲ್ಲ. ನಾನು ಇಲ್ಲಿ ನಿಂತಿದೀನಿ. ಸರಿನಾ? ಅವನು ಅಲ್ಲಿ, ಆ ಸ್ಟೂಲ್ ಹತ್ರ. ಇಲ್ಲಿಂದ ಅಲ್ಲಿಗೆ ಎಷ್ಟು, ನಾಲ್ಕು ಹೆಜ್ಜೆ. ಒಳಗೆ ಕತ್ತಲೆ, ಹತ್ತಿ ದೂಳು, ಕಣ್ಣು ಉರಿ. ಅವನು ಬಂದ. ನಾನು ಹೀಗೆ ಕಾಲು ಇಟ್ಟೆ… ಹೀಗೆ ಎತ್ತಿದೆ… ಹೀಗೆ!

…

ಸ್ಟೂಲ್ ಹೋಯ್ತು. ಪ್ಲಾಸ್ಟಿಕ್ಕು. ಹೋಗ್ಲಿ.

ಅರವತ್ತಾದ್ರೂ ಕೈ ಮರ್ತಿಲ್ಲ ನೋಡು.

ಏನು ನೋಡ್ತಿದೀಯ ಅಲ್ಲಿ?

ಸ್ಟೂಲ್ ಅಷ್ಟೇ ಎತ್ತರ. ಅದಕ್ಕೇ ಅಲ್ಲಿ ಬಿತ್ತು. ಸ್ಟೂಲ್ ಇಟ್ಟಿದ್ದಕ್ಕೆ. ಅಲ್ಲಿ ಮನುಷ್ಯ ನಿಂತಿದ್ರೆ ಏಟು ಇಲ್ಲಿ… ಈ ಎತ್ತರಕ್ಕೆ… ತಡಿ, ಇನ್ನೊಂದ್ಸಲ. ಕಾಲು ಹೀಗೆ. ಕೋಲು ಹೀಗೆ…

ಆಗ್ತಿಲ್ಲ. ಕೈ ಅಲ್ಲಿಗೇ ಹೋಗುತ್ತೆ.

ಮಾತಾಡಮ್ಮ. ನನ್ನಣ್ಣ ಕೂತಿದ್ದ ಅಂತ ನೀನೇ ಅನ್ನು. ನಾನು ಇಲ್ಲ ಅಂತೀನಿ. ಹದಿನಾರು ವರ್ಷ ಅದೇ ಅಭ್ಯಾಸ ನಂಗೆ. ಅವರು ಅನ್ನೋದು, ನಾವು ಇಲ್ಲ ಅನ್ನೋದು. ನೀನು ಏನೂ ಅನ್ನದೆ ಕೂತ್ರೆ ಯಾವುದಕ್ಕೆ ಇಲ್ಲ ಅನ್ಲಿ ನಾನು?

…

ಕೂತಿದ್ದ.

ಹತ್ತಿ ಮೂಟೆ ಮೇಲೆ. ಕಾಲಿಗೆ ಗಾಜು ಚುಚ್ಚಿತ್ತು ಅನ್ಸುತ್ತೆ. ಬಗ್ಗಿ ಬಟ್ಟೆ ಕಟ್ಕೊಳ್ತಿದ್ದ. ಸಲಾಕೆ ಇರ್ಲಿಲ್ಲ. ಸಲಾಕೆ ಆಮೇಲೆ ಬಂತು, ಜೀಪಿಂದ. ಬಾಗಿಲು ಮುರಿದ ಶಬ್ದಕ್ಕೆ ತಲೆ ಎತ್ತಿದ. ಓಡ್ಲಿಲ್ಲ. ‘ಬರ್ತೀನಿ ಇರಿ ಸಾರ್’ ಅಂದ. ಬಸ್ಸಿಗೆ ಹೇಳೋ ಹಾಗೆ. ಬರ್ತೀನಿ ಇರಿ. ನಂಗೆ ಕೇಳಿಸ್ತು. ಕೋಲು ಎತ್ತಿ ಆಗಿತ್ತು, ಇಳಿಸ್ಬಹುದಿತ್ತು. ಕೇಳಿಸ್ತು ಕಣಮ್ಮ.

ಒಂದು. ತಲೆಗೆ.

ಆರ್ಡರಲ್ಲಿ ಒಂದೇ ಅಂತ ಇದೆ. ಒಂದೇ ಏಟು.

…

ನೋಡ್ಬೇಡ ಹಾಗೆ.

ಒಂದಕ್ಕೆ ಸಾಯ್ಲಿಲ್ಲ ಅವನು. ಮೂಟೆಯಿಂದ ಜಾರಿ ಕೂತ. ಕೈ ಮುಂದೆ ಚಾಚಿದ, ಏನೋ ಹುಡುಕೋ ಹಾಗೆ. ಬಾಯಿ ಆಡ್ತಿತ್ತು. ಹತ್ತಿ ಎಲ್ಲ ಕೆಂಪಾಗ್ತಾ ಇತ್ತು, ಹೀರ್ಕೊಳ್ತಾ ಇತ್ತು. ನಾನು ಮತ್ತೆ ಎತ್ತಿದೆ. ಆಗ ಹಿಂದಿನಿಂದ ನನ್ನ ಕೈ ಹಿಡ್ಕೊಂಡ. ಇಸ್ತ್ರಿ. ಎರಡೂ ಕೈಲಿ ಹಿಡ್ಕೊಂಡ. ‘ಸಾಕು ಬಿಡೋ, ಕೂತಿದಾನೆ ಕಣೋ, ನೋಡೋ ಅವನನ್ನ’ ಅಂದ. ಅವನು ಯಾವತ್ತೂ ನನ್ನ ಹೋಗೋ ಬಾರೋ ಅಂದೋನಲ್ಲ. ನಾನು ಸೀನಿಯರ್ ಅಲ್ವಾ. ಅವತ್ತು ಅಂದ.

ನಂಗೆ ಅದು ತಡೀಲಿಲ್ಲ. ನಲವತ್ತೆರಡು ನನ್ನ ಕೈ ಹಿಡಿಯೋದಾ? ಕೊಡವಿದೆ. ಮೊಣಕೈಯಿಂದ ಅವನ ಮುಖಕ್ಕೆ ಗುದ್ದಿದೆ. ಅಂಗಿ ತೋಳು ಭುಜದಿಂದ ಹರ್ಕೊಂಡು ನನ್ನ ಕೈಗೇ ಬಂತು. ಆ ಹರಿದ ತೋಳು, ಆ ಒಡೆದ ತುಟಿ ನೋಡೇ ಸಾಹೇಬರು ಅಂದಿದ್ದು, ‘ಭೇಷ್, ಹೋರಾಡಿದಾನೆ’ ಅಂತ. ಹೋರಾಡಿದ್ದ. ನನ್ನ ಜೊತೆ. ಅವನು ಬಾಯಿ ಬಿಡ್ಲಿಲ್ಲ. ಯಾಕೆ ಬಿಡ್ಲಿಲ್ಲ ಅಂತ ಹೋಗಿ ಕೇಳು ಅವನನ್ನ. ನಾನು ಕೇಳಿಲ್ಲ. ಕೇಳೋ ಮುಖ ಇಲ್ಲ.

ಅವನ ಕೈ ಬಿಡಿಸ್ಕೊಂಡು ಹೊಡ್ದೆ. ಎರಡು. ಆಮೇಲೆ ಮೂರು. ಮೂರನೇದು ಬೇಕಾಗಿರ್ಲಿಲ್ಲ. ನಿಮ್ಮಣ್ಣನಿಗೆ ಬೇಕಾಗಿರ್ಲಿಲ್ಲ. ಅದು ಇಸ್ತ್ರಿಗೆ ತೋರಿಸೋಕೆ.

…

ಬರ್ಕೋ. ನೀನೇ ಬರ್ಕೋ ಕಣಮ್ಮ, ನನ್ನ ಅಕ್ಷರ ನಿಧಾನ. ಬರ್ಕೊಂಡು ಒಂದ್ಸಲ ಓದಿ ಹೇಳು. ಗಟ್ಟಿಯಾಗಿ.